ಜೊತೆಗಿದ್ದ ತಂಗಿ ಪದ್ಯದಲ್ಲಿ ಯಾಕಿಲ್ಲ?

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಮೊದಲ ಎಂಟು ವರ್ಷ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ‘ಡ್ಯಾಫೊಡಿಲ್ಸ್’ ಪದ್ಯವನ್ನು ಒಂದೇ ರೀತಿ ಪಾಠ ಮಾಡಿದೆ. ಕವಿ ಪರಿಚಯ, ಸಾರಾಂಶ, ಐದು ಮಾರ್ಕ್ಸಿನ ಪ್ರಶ್ನೆಗೆ ಉತ್ತರ. ನಾನು ಬರೆಸುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಎಲ್ಲರ ಉತ್ತರದಲ್ಲೂ ‘ಕವಿಗೆ ಪ್ರಕೃತಿ ಎಂದರೆ ಬಹಳ ಪ್ರೀತಿ’ ಎಂಬ ನನ್ನದೇ ವಾಕ್ಯ. ತಪ್ಪು ಮಕ್ಕಳದ್ದಲ್ಲ, ನನ್ನದು. ಡ್ಯಾಫೊಡಿಲ್ ಎನ್ನುವ ಆ ಹೂವನ್ನು ಅವರೂ ಕಂಡಿಲ್ಲ, ನಾನೂ ಕಂಡಿಲ್ಲ. ನೋಡದ ಹೂವಿನ ಮೇಲೆ ಸಿದ್ಧ ಉತ್ತರ ಬರೆಸಿದರೆ ಇನ್ನೇನಾಗುತ್ತದೆ?

ಮೂರು ವರ್ಷದ ಹಿಂದೆ ಪದ್ಯ ತೆಗೆಯುವ ಮೊದಲು ಕವಿಯ ತಂಗಿ ಡೊರೊಥಿಯ ಡೈರಿಯಿಂದ ಒಂದಿಷ್ಟು ಓದಿ ಹೇಳಿದೆ. 1802ರ ಏಪ್ರಿಲ್ 15. ಅಣ್ಣ ತಂಗಿ ಇಬ್ಬರೂ ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ನಡೆದು ಹೋಗುತ್ತಿದ್ದಾರೆ. ಜೋರು ಗಾಳಿ. ದಂಡೆಯುದ್ದಕ್ಕೂ ಹೂ. ಕೆಲವು ಹೂ ದಣಿವಾಗಿ, ದಿಂಬಿಗೆ ಒರಗಿದ ಹಾಗೆ ಕಲ್ಲಿನ ಮೇಲೆ ತಲೆ ಇಟ್ಟಿವೆಯಂತೆ. ಉಳಿದವು ಓಲಾಡಿ ಕುಣಿಯುತ್ತಾ ಗಾಳಿಯ ಜೊತೆ ನಗುತ್ತಿವೆಯಂತೆ. ಅಣ್ಣ ಪದ್ಯ ಬರೆದದ್ದು ಇದಾಗಿ ಎರಡು ವರ್ಷಕ್ಕೆ.

ಆಮೇಲೆ ಪದ್ಯ ಶುರು ಮಾಡಿದೆ. ‘ಮೋಡದ ಹಾಗೆ ಒಬ್ಬನೇ ಅಲೆಯುತ್ತಿದ್ದೆ’ ಎನ್ನುವ ಮೊದಲ ಸಾಲಿಗೇ ಜೇವರ್ಗಿ ಕಡೆಯ ಹುಡುಗನೊಬ್ಬ ಎದ್ದು ನಿಂತ. ಕ್ಲಾಸಿನಲ್ಲಿ ಎಂದೂ ಬಾಯಿ ಬಿಟ್ಟವನಲ್ಲ.

“ಮೇಡಂ, ತಂಗಿ ಜೋಡಿ ಹೋಗಿದ್ದ ಅಂತೀರಿ. ಮತ್ತ ಒಬ್ಬಾವ್ನೇ ಇದ್ದೆ ಅಂತ ಯಾಕ ಬರದಾನ್ರಿ?”

ನನ್ನ ನೋಟ್ಸ್‌ನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನೀವೇ ಹೇಳಿ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬಳು ಹುಡುಗಿ ಅಂದಳು: “ಜೋಡಿ ಇದ್ರ ಮಾತಾಡ್ತೀವ್ರಿ. ಒಬ್ಬರೇ ಇದ್ರ ನೋಡ್ತೀವ್ರಿ.” ಕೊನೆಯ ಚರಣ ಇದೇ ಅಲ್ವಾ? ಕವಿ ಮನೆಯಲ್ಲಿ ಒಬ್ಬನೇ ಒರಗಿದ್ದಾಗ ಆ ಹೂಗಳು ಕಣ್ಣೆದುರು ಮತ್ತೆ ಬರುತ್ತವೆ. ಆ ಕೊನೆ ನಿಲ್ಲಬೇಕಾದರೆ ಮೊದಲ ಸಾಲಿನಲ್ಲಿ ತಂಗಿ ಇರುವ ಹಾಗಿಲ್ಲ. ಆದರೆ ಒಳಗಣ್ಣಿನ ಬಗ್ಗೆ ಹೇಳುವ ಎರಡು ಸಾಲು ಹೆಂಡತಿ ಮೇರಿ ಕೊಟ್ಟದ್ದು. ಅವೇ ಇಡೀ ಪದ್ಯದ ಒಳ್ಳೆಯ ಸಾಲುಗಳು ಎಂದು ಕವಿಯೇ ಒಪ್ಪಿಕೊಂಡಿದ್ದಾನೆ. ಒಬ್ಬನೇ ಇದ್ದೆ ಎನ್ನುವ ಪದ್ಯದೊಳಗೆ ಇಷ್ಟು ಜನ!

ಮರುದಿನ ಬೋರ್ಡಿನ ಒಂದು ಕಡೆ 1807ರಲ್ಲಿ ಮೊದಲು ಅಚ್ಚಾದ ಪದ್ಯ, ಇನ್ನೊಂದು ಕಡೆ 1815ರಲ್ಲಿ ಕವಿ ತಿದ್ದಿದ್ದು ಬರೆದೆ. ಮೊದಲು ‘ಡ್ಯಾನ್ಸಿಂಗ್ ಡ್ಯಾಫೊಡಿಲ್ಸ್’ ಇತ್ತು. ಎರಡು ಸಾಲಿನ ಕೆಳಗೆ ಮತ್ತೆ ‘ಡ್ಯಾನ್ಸಿಂಗ್’. ಆಮೇಲೆ ಅದು ‘ಗೋಲ್ಡನ್ ಡ್ಯಾಫೊಡಿಲ್ಸ್’ ಆಯಿತು, ಬಣ್ಣವಿಲ್ಲದ ಪದ್ಯಕ್ಕೆ ಬಣ್ಣ ಬಂತು. ನಕ್ಷತ್ರಗಳ ಚರಣ ಹೊಸದಾಗಿ ಸೇರಿ ಮೂರು ಚರಣ ನಾಲ್ಕಾದವು. ‘ಲಾಫಿಂಗ್’ ಇದ್ದ ಕಡೆ ಉಲ್ಲಾಸದ ಎನ್ನುವ ಅರ್ಥದ ‘ಜೋಕಂಡ್’ ಬಂತು. ಇದು ಮಾತ್ರ ನನಗೆ ಹಿಡಿಸಿಲ್ಲ. ತಂಗಿ ಕಂಡ ಆ ನಗುವೇ ಚಂದ ಇತ್ತು.

“ತೊಗರಿ ಕುಡಿ ಚಿವುಟಿದಂಗ ಆಯ್ತಲ್ರಿ ಮೇಡಂ,” ಎಂದ ಅದೇ ಹುಡುಗ. ನಮ್ಮ ಕಡೆ ಬಿತ್ತಿ ಒಂದೂವರೆ ತಿಂಗಳಾದ ಮೇಲೆ ತೊಗರಿಯ ತುದಿ ಚಿವುಟುತ್ತಾರೆ. ಪಕ್ಕದಲ್ಲಿ ಟೊಂಗೆ ಒಡೆದು ಕಾಯಿ ಜಾಸ್ತಿ ಹಿಡಿಯುತ್ತದೆ. ತಿದ್ದುವುದು ಅಂದರೆ ಏನು ಎಂದು ನಾನು ಇಷ್ಟು ಚೆನ್ನಾಗಿ ಎಂದೂ ಹೇಳಿಕೊಟ್ಟಿರಲಿಲ್ಲ.

ಅಂದಿನಿಂದ ಮಕ್ಕಳ ಕೈಲೂ ಬರೆಸುತ್ತೇನೆ. ತೊಗರಿ ಹೂವಿನ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಒಂದು ವಾರ ಬಿಟ್ಟು ಅದನ್ನೇ ತಿದ್ದಬೇಕು. ಹೊಡೆದು ಹಾಕಿದ ಮಾತು ಕಾಣುವ ಹಾಗೆ ಇರಬೇಕು, ವೈಟ್ನರ್ ಹಚ್ಚುವಂತಿಲ್ಲ. ಐದು ಮಾರ್ಕ್ಸಿನ ಉತ್ತರ ಈಗಲೂ ಬರೆಸುತ್ತೇನೆ. ಮಕ್ಕಳಿಗೆ ಮಾರ್ಕ್ಸೂ ಬೇಕು.

ಆಳಂದದಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಮೊದಲು ‘ಹೂ ಬಂಗಾರದ ಹಾಗಿದೆ’ ಎಂದು ಬರೆದಿದ್ದಳು. ಎರಡನೇ ಸಲ ಬಂಗಾರ ಹೊಡೆದು ಹಾಕಿದ್ದಳು. ‘ಪಿಜನ್ ಪೀ’ ಎನ್ನುವ ಇಂಗ್ಲಿಷ್ ಹೆಸರು ಹೊಡೆದು ‘ತೊಗರಿ’ ಅಂತಲೇ ಇಟ್ಟಿದ್ದಳು. ಸಂಜೆ ಹೊಲದಿಂದ ಬಂದ ಅವ್ವ ಹಸಿ ತೊಗರಿಕಾಯಿ ಕುದಿಯಲು ಇಡುತ್ತಾಳೆ, ಅವಳ ಸೆರಗಿಗೆ ಹಳದಿ ಎಸಳು ಅಂಟಿಕೊಂಡೇ ಇದೆ. ಇಷ್ಟೇ.

ಹಾಳೆ ಕೊಡುವಾಗ ಮೆಲ್ಲಗೆ ಕೇಳಿದಳು: “ಮೇಡಂ, ಇದ್ರಾಗ ಅವ್ವನ್ನ ತೆಗೀಬೇಕೇನ್ರಿ?”

“ಬ್ಯಾಡವಾ, ಇರ್ಲಿ,” ಅಂದೆ.