ಗೀಜರಿನೊಳಗೆ ಕಟ್ಟಿದ ಸುಣ್ಣ

ವಿಜಯಪುರದ ನಮ್ಮ ಮನೆಗೆ ಕೊಳವೆಬಾವಿಯ ನೀರೇ ಆಧಾರ. ಅದು ಗಡಸು ನೀರೆಂಬುದು ಸೋಪು ನೊರೆಯಾಗದಿದ್ದುದರಿಂದಲೇ ತಿಳಿದಿತ್ತು. ಆದರೂ ಕಳೆದ ಚಳಿಗಾಲದಲ್ಲಿ ಗೀಜರು ಕುದಿಯುವ ಹಂಡೆಯಂತೆ ಸದ್ದು ಮಾಡಿ, ನೀರು ಕಾಯುವ ಮೊದಲೇ ಆರಿಹೋಗತೊಡಗಿದ ಮೇಲೆಯೇ ಅದನ್ನು ಬಿಚ್ಚಿಸಿದೆ. ಕಾಯಿಲ್ ಕಾಣದಂತೆ ಬಿಳಿಯ ಹೆಕ್ಕಳಿಕೆ ಕಟ್ಟಿತ್ತು.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಎಲ್ಲಕ್ಕಿಂತ ಬಿಸಿಯಾಗಿರುವ ಕಾಯಿಲ್ ಮೇಲೆಯೇ ಹೆಚ್ಚಾಗಿ ಕೂರುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡದೆ ತಡೆಯುವುದರಿಂದ ಕಾಯಿಲ್ ತಾನೇ ಮಿತಿಮೀರಿ ಕಾದು ಕೊನೆಗೆ ಸುಟ್ಟುಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಅಪೇಕ್ಷಿತ ಮಿತಿಯೆಂದೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹ್ಯವೆಂದೂ ಹೇಳುತ್ತದೆ. ಗೀಜರಿಗೆ 200 ಕೂಡ ಕಡಿಮೆಯೇನಲ್ಲ.

ಮೇನ್ ಸ್ವಿಚ್ ಆರಿಸಿ, ನೀರು ತಣಿದ ಮೇಲೆ ಖಾಲಿ ಮಾಡಿ, ಬಿಚ್ಚಿದ ಕಾಯಿಲನ್ನು ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿದ ಬೆಚ್ಚನೆಯ ನೀರಿನಲ್ಲಿ, ವಿದ್ಯುತ್ ತಂತಿಯ ತುದಿಗಳು ನೆನೆಯದಂತೆ, ಇಳಿಬಿಟ್ಟೆವು. ಗುಳ್ಳೆಯೆಬ್ಬಿಸುತ್ತಾ ಸುಣ್ಣ ಕರಗಿತು. ಶೌಚಾಲಯ ತೊಳೆಯುವ ಆ್ಯಸಿಡ್ ಬಳಸಲು ಒಬ್ಬರು ಸೂಚಿಸಿದ್ದರು. ಅದು ಲೋಹವನ್ನೇ ತಿನ್ನುತ್ತದೆ, ದಯವಿಟ್ಟು ಬಳಸಬೇಡಿ. ಟ್ಯಾಂಕನ್ನು ತುಕ್ಕಿನಿಂದ ಕಾಯಲು ತಾನು ಸವೆಯುವ ಮೆಗ್ನೀಸಿಯಂ ಸರಳು ತೆಳ್ಳಗೆ ಕಡ್ಡಿಯಂತಾಗಿತ್ತು. ಅದನ್ನೂ, ಹಳೆಯ ವಾಷರನ್ನೂ ಬದಲಾಯಿಸಿದೆವು. ಟ್ಯಾಂಕು ತುಂಬಿ ನಲ್ಲಿಯಲ್ಲಿ ನೀರು ಬಂದ ನಂತರವೇ ಸ್ವಿಚ್ ಹಾಕಿದೆವು.

ಈಗ ಥರ್ಮೋಸ್ಟ್ಯಾಟನ್ನು 55 ಡಿಗ್ರಿಗೆ ಇಳಿಸಿದ್ದೇನೆ, ಏಕೆಂದರೆ ಶಾಖ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.