ಗೆಳೆಯನನ್ನು ಹೊತ್ತು ಹೊಳೆ ದಾಟಿದವನು

ಮಗಳು ಈಗ ಮೂರನೇ ಕ್ಲಾಸು. ಹೋದ ತಿಂಗಳು ಒಂದು ಸಂಜೆ ಕಮೋಗಿ ಎಂಬ ಕೋಲುಚೆಂಡಿನ ಆಟ ಮುಗಿಸಿ ಮನೆಗೆ ಬಂದಳು. ಹರ್ಲಿ ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ, ಕೆಸರಾದ ಶೂ ಬಿಚ್ಚುತ್ತಲೇ ಕೇಳಿದಳು: "ಅಮ್ಮಾ, ಸೆಟಾಂಟ ನಾಯೀನ ಕೊಂದಿದ್ದು ಗೊತ್ತಾಯ್ತು, ಅದು ಕಚ್ಚೋಕೆ ಬಂದಿತ್ತು. ಆದ್ರೆ ಫ್ರೆಂಡ್‌ನ ಯಾಕೆ ಕೊಂದ?"

ತಕ್ಷಣ ಏನು ಹೇಳಬೇಕೋ ತೋಚಲಿಲ್ಲ. ನಾವು ಐರ್ಲೆಂಡಿನ ಡಂಡಾಕ್‌ಗೆ ಬಂದು ಆರು ವರ್ಷವಾಯಿತು. ಅವಳು ಕೇಳಿದ್ದು ಇಲ್ಲಿನ ಹಳೇ ವೀರಕಥೆಯ ಹುಡುಗನ ಬಗ್ಗೆ; ಸೆಟಾಂಟನೇ ಮುಂದೆ ಕೂ ಕುಲಿನ್ ಆಗುತ್ತಾನೆ. ಇದು ಆ ಕಥೆಯದೇ ಊರು. ಊರಾಚೆಯ ದಿಬ್ಬದ ಮೇಲೆ ಕೂ ಕುಲಿನ್‌ನ ಕೋಟೆ ಇತ್ತು ಎಂದು ಇಲ್ಲಿನವರು ಹೇಳುತ್ತಾರೆ. ಊರಿನ ನಾಟಕಶಾಲೆಗೂ ಆ ಕಥೆಯದೇ ಹೆಸರು, ಟಾಯಿನ್ ಅಂತ. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ. ಕಥೆಯನ್ನು ಮಾತ್ರ ಪೂರ್ತಿ ಓದಿರಲಿಲ್ಲ. ಮಾರನೇ ದಿನವೇ ಲೈಬ್ರರಿಯಿಂದ ಇಂಗ್ಲಿಷ್ ಅನುವಾದ ತಂದೆ. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದು, ನಿದ್ದೆಗೆ ಮುಂಚೆ ಒಂದೊಂದು ಗಂಟೆ ಓದುತ್ತಾ ಎರಡು ವಾರದಲ್ಲಿ ಮುಗಿಸಿದೆ.

ಮಕ್ಕಳಿಗೆ ಸ್ಕೂಲಲ್ಲಿ ಮೊದಲು ಹೇಳುವುದು ನಾಯಿಯ ಕಥೆ. ಐರ್ಲೆಂಡಿನ ಉತ್ತರದ ಸೀಮೆಯಾದ ಅಲ್ಸ್ಟರಿನ ರಾಜ ಕಾನರ್, ಕುಲನ್ ಎಂಬ ಕಮ್ಮಾರನ ಮನೆಗೆ ಔತಣಕ್ಕೆ ಹೋಗುತ್ತಾನೆ. ಪುಟ್ಟ ಸೆಟಾಂಟ "ಆಟ ಮುಗಿಸಿ ಬರ್ತೀನಿ" ಎಂದಿರುತ್ತಾನೆ. ರಾಜ ಅದನ್ನು ಮರೆಯುತ್ತಾನೆ. ಕಮ್ಮಾರ ತನ್ನ ಕಾವಲು ನಾಯಿಯನ್ನು ಬಿಡುತ್ತಾನೆ. ಹುಡುಗ ಒಬ್ಬನೇ ಬರುತ್ತಾನೆ, ಕೋಲಿನಿಂದ ಚೆಂಡು ಹೊಡೆದು ನಾಯಿಯನ್ನು ಕೊಲ್ಲುತ್ತಾನೆ. ಎಲ್ಲರೂ ಹುಡುಗ ಉಳಿದ ಎಂದು ಖುಷಿಪಟ್ಟರೆ, ಕಮ್ಮಾರ ತನ್ನ ನಾಯಿಗಾಗಿ ಅಳುತ್ತಾನೆ. ಆಗ ಹುಡುಗ ಹೇಳುತ್ತಾನೆ: ಇದೇ ತಳಿಯ ಮರಿಯೊಂದನ್ನು ಸಾಕಿ ಕೊಡುತ್ತೇನೆ, ಅದು ಬೆಳೆಯುವ ತನಕ ನಿನ್ನ ಮನೆ, ನಿನ್ನ ದನ ನಾನೇ ಕಾಯುತ್ತೇನೆ. ಅವತ್ತಿನಿಂದ ಅವನ ಹೆಸರು ಕೂ ಕುಲಿನ್, ಅಂದರೆ ಕುಲನ್‌ನ ನಾಯಿ. ನಮ್ಮಲ್ಲಿ ನಾಯಿ ಅಂದರೆ ಬೈಗುಳ. ಇಲ್ಲಿ ಅದೇ ವೀರನ ಬಿರುದು.

ಮುಖ್ಯ ಕಥೆ ಇದಾದ ಮೇಲಿನದು. ಪೂರ್ತಿ ಹೆಸರು ಟಾಯಿನ್ ಬೋ ಕೂಲ್ನೆ. ಬೋ ಅಂದರೆ ಹಸು. ಸಂಸ್ಕೃತದ ಗೋ, ಐರಿಷ್‌ನ ಬೋ ಎರಡೂ ಒಂದೇ ಮೂಲದ ಮಾತುಗಳು. ಇಲ್ಲಿ ರಸ್ತೆಗೆ ಬೋಹರ್ ಅನ್ನುತ್ತಾರೆ, ಅದೂ ಹಸುವಿನಿಂದಲೇ ಬಂದ ಮಾತು. ಆ ಕಾಲದ ಐರ್ಲೆಂಡಿನಲ್ಲಿ ನಾಣ್ಯ ಇರಲಿಲ್ಲ. ಸಾಲ, ದಂಡ, ಮನುಷ್ಯನ ಮರ್ಯಾದೆಯ ಬೆಲೆ ಎಲ್ಲಕ್ಕೂ ಹಸುವಿನ ಲೆಕ್ಕ. ಹಾಗಾಗಿ ದನ ಹೊಡೆದುಕೊಂಡು ಹೋಗುವುದೇ ದೊಡ್ಡ ದಾಳಿ. ಅಂಥ ಕಥೆಗಳಿಗೆಲ್ಲ ಟಾಯಿನ್ ಎಂದೇ ಹೆಸರು. ಒಂದಲ್ಲ, ಹಲವು ಟಾಯಿನ್‌ಗಳಿವೆ.

ಅಪ್ಪನಿಗೆ ಫೋನಲ್ಲಿ ಇಷ್ಟು ಹೇಳುವಷ್ಟರಲ್ಲಿ ಅವರೇ ತಡೆದರು. "ತುರುಗೋಳು ಅನ್ನು. ನಮ್ಮ ಕೆರೆ ಏರಿ ಪಕ್ಕದ ಕಲ್ಲಲ್ಲಿ ಇರೋದೂ ಅದೇ ಅಲ್ವಾ?" ಅರಸೀಕೆರೆ ಕಡೆಯ ನಮ್ಮೂರಲ್ಲಿ ಒಂದು ವೀರಗಲ್ಲು ಇದೆ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ಸಾಲಾಗಿ ಹಸುಗಳು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಶಿವಲಿಂಗ. ಚಿಕ್ಕವಳಿದ್ದಾಗ ಅದರ ಮೇಲೆ ಹತ್ತಿ ಕೂರುತ್ತಿದ್ದೆ. ಅಪ್ಪ ಆ ಒಂದು ಮಾತು ಹೇಳಿದ ಮೇಲೆ ಟಾಯಿನ್ ನನಗೆ ಪರದೇಶದ ಪುರಾಣ ಅನ್ನಿಸಲಿಲ್ಲ.

ಜಗಳ ಶುರುವಾಗುವುದು ಹಾಸಿಗೆಯಲ್ಲಿ. ಪಶ್ಚಿಮದ ಸೀಮೆಯಾದ ಕೊನಾಕ್ಟ್‌ನ ರಾಣಿ ಮೇವ್, ಗಂಡ ಅಲಿಲ್. ಯಾರ ಆಸ್ತಿ ಜಾಸ್ತಿ ಎಂದು ಮಾತು ಬೆಳೆಯುತ್ತದೆ. ಬಕೆಟ್ಟು, ಹಂಡೆ, ಬಳೆ, ಕುರಿ, ಕುದುರೆ, ಹಂದಿ ಎಲ್ಲ ತರಿಸಿ ಎಣಿಸುತ್ತಾರೆ. ಎಲ್ಲ ಸರಿಸಮ. ಒಂದು ಮಾತ್ರ ಹೆಚ್ಚುಕಡಿಮೆ. ಮೇವ್‌ನ ಮಂದೆಯಲ್ಲೇ ಹುಟ್ಟಿದ ಬಿಳಿ ಕೊಂಬಿನ ಹೋರಿ, ಹೆಂಗಸಿನ ಒಡೆತನದಲ್ಲಿ ಇರಲಾರೆ ಎಂದು ಗಂಡನ ಮಂದೆಗೆ ಹೋಗಿಬಿಟ್ಟಿದೆ. ಅದಕ್ಕೆ ಸಮನಾದ ಹೋರಿ ಇಡೀ ದೇಶದಲ್ಲಿ ಒಂದೇ. ಅದು ಅಲ್ಸ್ಟರಿನ ಕೂಲಿ ಸೀಮೆಯ ಕಂದು ಹೋರಿ. ಒಂದು ವರ್ಷಕ್ಕೆ ಕೊಟ್ಟರೆ ಸಾಕು, 50 ಕಡಸು ಕೊಡುತ್ತೇನೆ ಎಂದು ಮೇವ್ ಹೇಳಿಕಳಿಸುತ್ತಾಳೆ. ಹೋರಿಯ ಒಡೆಯ ಒಪ್ಪುತ್ತಾನೆ. ಆದರೆ ದೂತರು ರಾತ್ರಿ ಕುಡಿದು, "ಕೊಡದಿದ್ದರೆ ಹೊಡೆದುಕೊಂಡು ಹೋಗುತ್ತಿದ್ದೆವು" ಎಂದು ಬಾಯಿಬಿಡುತ್ತಾರೆ. ಮಾತು ಮುರಿಯಿತು. ದಂಡು ಹೊರಟಿತು.

ಮೇವ್‌ಳನ್ನು ದುರಾಸೆಯ ಹೆಂಗಸು ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೇ ಐರಿಷ್ ಕಾನೂನಿನಲ್ಲಿ ಗಂಡಹೆಂಡಿರು ಸಮನಾಗಿ ಆಸ್ತಿ ತಂದು ಕಟ್ಟುವ ಮದುವೆಯೇ ಒಂದು ಬಗೆ. ಅಲ್ಲಿ ಹೆಂಡತಿಯ ಮಾತಿಗೂ ತೂಕ ಇತ್ತು. ಒಂದು ಹೋರಿ ಕಡಿಮೆ ಆದರೆ ಆ ತೂಕವೂ ಕಡಿಮೆ. ಅವಳ ಲೆಕ್ಕ ನನಗೆ ಅರ್ಥವಾಗುತ್ತದೆ. ಅದಕ್ಕೆ ಇಷ್ಟು ಜನ ಸಾಯಬೇಕಾಗಿರಲಿಲ್ಲ, ಅದು ಬೇರೆ ಮಾತು.

ಅಲ್ಸ್ಟರಿನ ವೀರರೆಲ್ಲ ಎಲ್ಲಿದ್ದರು? ಹೆರಿಗೆ ನೋವಿನಲ್ಲಿ ಮಲಗಿದ್ದರು! ಹಿಂದೊಮ್ಮೆ ಮಾಖಾ ಎಂಬ ತುಂಬು ಬಸುರಿಯನ್ನು ರಾಜನ ಕುದುರೆಗಳ ಜೊತೆ ಓಡಿಸಿದ್ದರು. "ಹೆರಿಗೆ ಆಗುವ ತನಕ ಕಾಯಿರಿ, ನಿಮ್ಮನ್ನೂ ಒಬ್ಬ ತಾಯಿ ಹೆತ್ತಿದ್ದಾಳೆ" ಎಂದು ಅವಳು ಬೇಡಿಕೊಂಡಳು. ಯಾರೂ ಕೇಳಲಿಲ್ಲ. ಓಡಿ ಗೆದ್ದಳು, ಅಲ್ಲೇ ಅವಳಿಜವಳಿ ಹೆತ್ತಳು. ಒಂಬತ್ತು ತಲೆಮಾರಿನವರೆಗೆ, ಕಷ್ಟ ಬಂದ ಹೊತ್ತಲ್ಲೇ ನಿಮಗೆ ಈ ನೋವು ಬರಲಿ ಎಂದು ಶಾಪ ಕೊಟ್ಟಳು. ಹೆರಿಗೆ ವಾರ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದವಳು ನಾನು. ಈ ಪುಟವನ್ನು ಎರಡು ಸಲ ಓದಿದೆ.

ಶಾಪ ತಟ್ಟದೆ ಉಳಿದವನು ಕೂ ಕುಲಿನ್. 17 ವರ್ಷದ ಹುಡುಗ. ಹೊಳೆ ದಾಟುವ ಜಾಗಗಳಲ್ಲಿ ನಿಂತು, ದಿನಕ್ಕೊಬ್ಬ ಎದುರಾಳಿಯಂತೆ ಇಡೀ ದಂಡನ್ನು ತಡೆಯುತ್ತಾನೆ. ಆ ಕಾಳಗಗಳ ಪಟ್ಟಿ ಉದ್ದ. ನನಗೆ ಅವೆಲ್ಲ ಒಂದೇ ಥರ ಕಂಡವು, ಬೇಗ ಬೇಗ ದಾಟಿಸಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಫರ್ಡಿಯಾನ ಭಾಗ. ಮಗಳು ಕೇಳಿದ ಫ್ರೆಂಡ್ ಇವನೇ.

ಇಬ್ಬರೂ ಸ್ಕಾಹಕ್ ಎಂಬ ವೀರ ಹೆಂಗಸಿನ ಹತ್ತಿರ ಒಟ್ಟಿಗೆ ಯುದ್ಧ ಕಲಿತವರು. ಒಂದೇ ಹಾಸಿಗೆ, ಒಂದೇ ಊಟ. ಈಗ ಫರ್ಡಿಯಾ ಮೇವ್‌ನ ಕಡೆ ಇದ್ದಾನೆ. ಗೆಳೆಯನ ಮೇಲೆ ಹೋಗಲಾರೆ ಎನ್ನುತ್ತಾನೆ. ಹೋಗದಿದ್ದರೆ ಕವಿಗಳು ನಿನ್ನ ಮೇಲೆ ನಿಂದೆಯ ಹಾಡು ಕಟ್ಟುತ್ತಾರೆ, ಮುಖದ ಮೇಲೆ ಮೂರು ಬೊಕ್ಕೆ ಏಳುತ್ತವೆ ಎಂದು ಮೇವ್ ಹೆದರಿಸುತ್ತಾಳೆ. ಮಗಳನ್ನು ಕೊಡುತ್ತೇನೆ ಎಂದು ಆಸೆಯನ್ನೂ ತೋರಿಸುತ್ತಾಳೆ. ಮಾನ ಹೋಗುವುದಕ್ಕಿಂತ ಸಾಯುವುದೇ ಮೇಲು ಅನ್ನಿಸಿ ಅವನು ಹೊರಡುತ್ತಾನೆ.

ಮೊದಲ ದಿನ ಎಸೆಯುವ ಆಯುಧಗಳ ಕಾಳಗ. ಸಂಜೆ ಆಯುಧ ಕೆಳಗಿಟ್ಟು, ಒಬ್ಬರನ್ನೊಬ್ಬರು ತಬ್ಬಿ ಮುತ್ತಿಡುತ್ತಾರೆ. ಇಬ್ಬರ ಕುದುರೆಗಳು ಒಂದೇ ಕೊಟ್ಟಿಗೆಯಲ್ಲಿ, ಸಾರಥಿಗಳು ಒಂದೇ ಬೆಂಕಿಯ ಮುಂದೆ. ವೈದ್ಯರು ಬಂದು ಗಾಯಕ್ಕೆ ಸೊಪ್ಪು ಬೇರು ಕಟ್ಟುತ್ತಾರೆ. ತನಗೆ ಕಟ್ಟಿದ ಒಂದೊಂದು ಔಷಧಿಯಲ್ಲೂ ಅಷ್ಟೇ ಪಾಲನ್ನು ಕೂ ಕುಲಿನ್ ಆ ದಡಕ್ಕೆ ಕಳಿಸುತ್ತಾನೆ. ಫರ್ಡಿಯಾ ಸೋತರೆ, ಔಷಧಿ ಸಾಲದೆ ಸೋತ ಎಂದು ಅವನ ಕಡೆಯವರು ಹೇಳಬಾರದು. ಫರ್ಡಿಯಾ ತನಗೆ ಬಂದ ಊಟದಲ್ಲಿ ಅರ್ಧ ಈ ದಡಕ್ಕೆ ಕಳಿಸುತ್ತಾನೆ. ಎರಡನೇ ದಿನ ಈಟಿಯ ತಿವಿತ. ಆ ರಾತ್ರಿ ಗಾಯಗಳು ಎಷ್ಟು ಆಳ ಅಂದರೆ ಸೊಪ್ಪಿನಿಂದ ಆಗುವುದಿಲ್ಲ, ರಕ್ತ ನಿಲ್ಲಿಸಲು ಮಂತ್ರ ಹಾಕಬೇಕು. ಆ ಮಂತ್ರದಲ್ಲೂ ಇಬ್ಬರಿಗೂ ಸಮಪಾಲು.

ಮೂರನೇ ದಿನ ಕತ್ತಿ. ಸಂಜೆ ತಬ್ಬಿಕೊಳ್ಳುವುದಿಲ್ಲ. ಕುದುರೆಗಳು ಬೇರೆ ಬೇರೆ, ಬೆಂಕಿ ಬೇರೆ ಬೇರೆ. ಔಷಧಿ ಆ ದಡಕ್ಕೆ ಹೋಗುವುದಿಲ್ಲ. ಕಥೆ ಹೇಳಿದವನು ಇದನ್ನು ವಿವರಿಸುವುದಿಲ್ಲ. ಸುಮ್ನೆ ಹೇಳಿ ಮುಂದೆ ಹೋಗುತ್ತಾನೆ. ಮಾರನೇ ದಿನ ಇಬ್ಬರಲ್ಲಿ ಒಬ್ಬ ಉಳಿಯುವುದಿಲ್ಲ ಎಂದು ನಮಗೆ ಗೊತ್ತಾಗಿಬಿಡುತ್ತದೆ.

ನಾಲ್ಕನೇ ದಿನ ಗೇ ಬೊಲ್ಗ. ಗುರು ಸ್ಕಾಹಕ್ ಕೂ ಕುಲಿನ್‌ಗೆ ಮಾತ್ರ ಕಲಿಸಿದ್ದ ಆಯುಧ. ಹೊಳೆಯ ನೀರಿನಲ್ಲಿ ತೇಲಿಬಿಟ್ಟು, ಕಾಲ್ಬೆರಳಲ್ಲಿ ಹಿಡಿದು ಎಸೆಯಬೇಕು. ಮೈಯೊಳಗೆ ಹೋದರೆ ಮುಳ್ಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಫರ್ಡಿಯಾ ಬೀಳುತ್ತಾನೆ. ಕೂ ಕುಲಿನ್ ಓಡಿಹೋಗಿ ಅವನನ್ನು ಎತ್ತಿಕೊಂಡು, ಆಯುಧ ಸಮೇತ ಹೊಳೆ ದಾಟಿಸಿ, ತನ್ನ ದಡದಲ್ಲಿ ಮಲಗಿಸುತ್ತಾನೆ. ಶತ್ರುವಿನ ದಡದಲ್ಲಿ ಅವನು ಬೀಳಬಾರದು. ಶತ್ರುಗಳು ಬರುತ್ತಾರೆ ಏಳು ಎಂದು ಸಾರಥಿ ಲೇಗ್ ಕರೆಯುತ್ತಾನೆ. ಇವನು ಸತ್ತ ಮೇಲೆ ಎದ್ದು ಏನು ಮಾಡಲಿ ಎನ್ನುತ್ತಾನೆ ಕೂ ಕುಲಿನ್. ಆಮೇಲೆ ಹಾಡಾಗಿ ಅಳುತ್ತಾನೆ: ಫರ್ಡಿಯಾ ಹೊಳೆಗೆ ಬರುವ ತನಕ ಎಲ್ಲ ಬರೀ ಆಟ.

ನನಗೆ ಕರ್ಣ ನೆನಪಾದ. ಆದರೆ ಬಾಣ ಬಿಡುವಾಗ ಅರ್ಜುನನಿಗೆ ಕರ್ಣ ತನ್ನ ಅಣ್ಣ ಎಂದು ಗೊತ್ತಿರಲಿಲ್ಲ. ಇಲ್ಲಿ ಇಬ್ಬರಿಗೂ ಎಲ್ಲ ಗೊತ್ತು. ಅದಕ್ಕೇ ಇದು ಹೆಚ್ಚು ನೋಯಿಸುತ್ತದೆ.

ಕೊನೆಗೆ ಆ ಎರಡು ಹೋರಿಗಳ ಗತಿ ಏನಾಯಿತು ಗೊತ್ತಾ? ಅವೇ ಕಾದಾಡುತ್ತವೆ. ಕಂದು ಹೋರಿ ಬಿಳಿ ಕೊಂಬಿನದನ್ನು ಸೀಳಿ, ಅದರ ತುಂಡುಗಳನ್ನು ದಾರಿಯುದ್ದಕ್ಕೂ ಚೆಲ್ಲುತ್ತಾ ಊರಿಗೆ ಬಂದು, ಎದೆಯೊಡೆದು ಸಾಯುತ್ತದೆ. ಸೊಂಟದ ಮಾಂಸ ಬಿದ್ದ ಜಾಗಕ್ಕೇ ಅಥ್ಲೋನ್ ಎಂಬ ಹೆಸರು ಬಂತಂತೆ. ಮೇವ್‌ಗೂ ಇಲ್ಲ, ಅಲಿಲ್‌ಗೂ ಇಲ್ಲ.

ಇದೆಲ್ಲ ಉಳಿದದ್ದು ಕ್ರೈಸ್ತ ಮಠಗಳಲ್ಲಿ ಬರೆದುಕೊಂಡಿದ್ದರಿಂದ. ಕಥೆ ಇರುವ ಅತಿ ಹಳೇ ಕೈಬರಹದ ಪುಸ್ತಕ ಸುಮಾರು 1100ರದ್ದು. ಅದನ್ನು ಬರೆದವರಲ್ಲಿ ಒಬ್ಬನಾದ ಮೇಲ್‌ಮುರಿ 1106ರಲ್ಲಿ ಕ್ಲಾನ್‌ಮಕ್‌ನಾಯ್ಸ್ ಮಠದಲ್ಲಿ ದರೋಡೆಕೋರರ ಕೈಲಿ ಸತ್ತ. ಹೊಳೆಯ ಕಾಳಗ ಪೂರ್ತಿಯಾಗಿ ಇರುವುದು 12ನೇ ಶತಮಾನದ ಇನ್ನೊಂದು ಪುಸ್ತಕದಲ್ಲಿ. ಅಲ್ಲಿ ಕಥೆ ಮುಗಿದ ಕಡೆ, ಇದನ್ನು ಬದಲಿಸದೆ ಬಾಯಿಪಾಠ ಮಾಡುವವರಿಗೆಲ್ಲ ಒಳ್ಳೆಯದಾಗಲಿ ಎಂದು ಐರಿಷ್‌ನಲ್ಲಿ ಹರಸಿದೆ. ಅದರ ಕೆಳಗೇ ಲ್ಯಾಟಿನ್‌ನಲ್ಲಿ, ಬರೆದ ನಾನು ಇದರಲ್ಲಿ ಎಷ್ಟೋ ವಿಷಯ ನಂಬುವುದಿಲ್ಲ, ಕೆಲವು ದೆವ್ವಗಳ ಮೋಸ ಎಂದಿದೆ. ನಂಬದಿದ್ದರೂ ಕೈ ನೋಯುವ ತನಕ ಬರೆದ ಆ ಮನುಷ್ಯನಿಗೆ ನಾನು ಋಣಿ.

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಆರ್ಡಿಗೆ ಹೋದೆ. ಆ ಊರಿನ ಐರಿಷ್ ಹೆಸರಿನ ಅರ್ಥವೇ ಫರ್ಡಿಯಾನ ಹೊಳೆಗಂಡಿಯ, ಅಂದರೆ ಹೊಳೆ ದಾಟುವ ಜಾಗದ, ಊರು. ಡೀ ಹೊಳೆ ಚಿಕ್ಕದು. ದಡದಲ್ಲಿ ಕಂಚಿನ ಪ್ರತಿಮೆ ಇದೆ. ಒಬ್ಬ ಇನ್ನೊಬ್ಬನನ್ನು ಎರಡು ಕೈಯಲ್ಲಿ ಎತ್ತಿಕೊಂಡಿದ್ದಾನೆ. ಮಗಳು ಒಂದು ಸುತ್ತು ಬಂದು ನೋಡಿದಳು. ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿಯಲ್ಲಿರುವ ಪ್ರತಿಮೆಯನ್ನು ಅವಳು ಮೊದಲೇ ನೋಡಿದ್ದಾಳೆ. ಅಲ್ಲಿ ಕೂ ಕುಲಿನ್ ಕಲ್ಲಿಗೆ ಕಟ್ಟಿಕೊಂಡು ಸಾಯುತ್ತಿದ್ದಾನೆ, ಹೆಗಲ ಮೇಲೆ ಕಾಗೆ ಕೂತಿದೆ. ಅದಕ್ಕಿಂತ ಇದೇ ಅವಳಿಗೆ ಹಿಡಿಸಿತು.

ನೀರಿನ ಪಕ್ಕ ಕೂತು ಚಪಾತಿ ರೋಲ್ ತಿನ್ನುತ್ತಾ ಇಡೀ ಕಥೆ ಹೇಳಿದೆ. ಔಷಧಿ ಈ ಕಡೆಯಿಂದ ಹೋಯಿತು, ಊಟ ಆ ಕಡೆಯಿಂದ ಬಂತು ಎಂದು ಕೈಯಲ್ಲಿ ತೋರಿಸಿದೆ. ಅವಳು ತುಂಬಾ ಹೊತ್ತು ಆಚೆ ದಡ ನೋಡಿದಳು.

"ಮೂರನೇ ರಾತ್ರೀನೂ ಕಳಿಸಬಹುದಿತ್ತು ಅಲ್ವಾ ಅಮ್ಮಾ?"

"ಕಳಿಸಬಹುದಿತ್ತು ಪುಟ್ಟಾ" ಎಂದೆ.