ಕೈಕೋರಾದಲ್ಲಿ ಹಟನ್ಸ್ ಶಿಯರ್‌ವಾಟರ್ ನೋಡಲು ಹೊರಡುವವರಿಗೆ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪೂರ್ವ ಕರಾವಳಿಯಲ್ಲಿರುವ ಕೈಕೋರಾಕ್ಕೆ ಹೆಚ್ಚಿನವರು ಹೋಗುವುದು ತಿಮಿಂಗಿಲ ನೋಡಲು. ನಾವು ಹೋದದ್ದು ಹಟನ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಾಗಿ. ಅಳಿವಿನ ಅಪಾಯದಲ್ಲಿರುವ ಈ ಹಕ್ಕಿಯ ಸಹಜ ಸಂತಾನನೆಲೆಗಳು ಜಗತ್ತಿನಲ್ಲಿ ಉಳಿದಿರುವುದು ಆ ಊರಿನ ಬೆನ್ನಿಗಿರುವ ಸೀವರ್ಡ್ ಕೈಕೋರಾ ಪರ್ವತಸಾಲಿನ ಎರಡೇ ಎರಡು ಕಣಿವೆಗಳಲ್ಲಿ, ಅದೂ ಸಮುದ್ರಮಟ್ಟದಿಂದ 1,200 ಮೀಟರಿಗೂ ಎತ್ತರದಲ್ಲಿ.

ಕ್ರೈಸ್ಟ್‌ಚರ್ಚಿನಿಂದ 1ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು 180 ಕಿ.ಮೀ. ಸಾಗಿದರೆ ಕೈಕೋರಾ ಸಿಗುತ್ತದೆ. ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಹಕ್ಕಿಗಳು ಅಲ್ಲಿನ ಚಳಿಗಾಲವನ್ನು (ಜೂನ್–ಆಗಸ್ಟ್) ಆಸ್ಟ್ರೇಲಿಯಾದ ಕಡಲಿನಲ್ಲಿ ಕಳೆದು ಆಗಸ್ಟ್ ಕೊನೆಯ ಹೊತ್ತಿಗೆ ಮರಳುತ್ತವೆ, ಮರಿಗಳು ಮಾರ್ಚ್–ಏಪ್ರಿಲ್‌ನಲ್ಲಿ ಗೂಡು ಬಿಡುತ್ತವೆ. ಹಾಗಾಗಿ ನಮ್ಮ ದಸರೆಯಿಂದ ಯುಗಾದಿಯವರೆಗಿನ ಅವಧಿಯಲ್ಲಿ ಯಾವಾಗ ಹೋದರೂ ನಡೆಯುತ್ತದೆ. ಒಂದೇ ದಿನದಲ್ಲಿ ಹೋಗಿ ಬರುವ ಯೋಜನೆ ಮಾತ್ರ ಬೇಡ. ಗಾಳಿ ಜೋರಾದರೆ ದೋಣಿ ಹೊರಡುವುದಿಲ್ಲ, ಆದ್ದರಿಂದ ಕನಿಷ್ಠ ಎರಡು ರಾತ್ರಿ ಉಳಿಯುವಂತೆ ಕೋಣೆ ಕಾದಿರಿಸಿಕೊಳ್ಳಿ. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇಲ್ಲಿ ದಡದ ಸಮೀಪದಲ್ಲಿಯೇ ಕಡಲತಳವು ಸಾವಿರ ಮೀಟರಿಗೂ ಆಳದ ಕಮರಿಯಾಗಿ ಕುಸಿಯುತ್ತದೆ. ಆಳದಿಂದ ಮೇಲೇಳುವ ಪೋಷಕಾಂಶಭರಿತ ನೀರಿನಿಂದಾಗಿ ಮೀನು ಮತ್ತು ಕ್ರಿಲ್ ಎಂಬ ಸೀಗಡಿಯಂಥ ಪುಟ್ಟ ಜೀವಿಗಳು ಹೇರಳವಾಗಿರುವುದರಿಂದ, ಬೇರೆಡೆ ದಿನವಿಡೀ ಪಯಣಿಸಿ ಹುಡುಕಬೇಕಾದ ಕಡಲಹಕ್ಕಿಗಳು ಇಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಎದುರಾಗುತ್ತವೆ. ಹಕ್ಕಿ ನೋಡಲೆಂದೇ ಸೌತ್ ಬೇಯಿಂದ ಸಣ್ಣ ದೋಣಿಗಳು ಹೊರಡುತ್ತವೆ. ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳು ಮೀನಿನ ತುಣುಕಿನ ಆಸೆಗೆ ದೋಣಿಯ ಪಕ್ಕಕ್ಕೇ ಬಂದು ಕೂರುತ್ತವೆ, ಎಲ್ಲರ ಕ್ಯಾಮೆರಾವೂ ಅತ್ತಲೇ ತಿರುಗುತ್ತದೆ. ಶಿಯರ್‌ವಾಟರ್‌ಗಳು ಬೇಕಿದ್ದರೆ ದೂರದಲ್ಲಿ ನೀರಿನ ಮೇಲೆ ಗುಂಪಾಗಿ ತೇಲುವ ಕಪ್ಪು ಚುಕ್ಕಿಗಳತ್ತ ದೋಣಿ ಒಯ್ಯುವಂತೆ ನಾವಿಕರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಗುರುತಿಸುವುದು ನಿಜಕ್ಕೂ ಕಷ್ಟ, ಏಕೆಂದರೆ ಅದೇ ನೀರಿನಲ್ಲಿ ಫ್ಲಟರಿಂಗ್ ಶಿಯರ್‌ವಾಟರ್ ಎಂಬ ಹತ್ತಿರದ ಸಂಬಂಧಿಯೂ ಇರುತ್ತದೆ. ಎರಡಕ್ಕೂ ಮೇಲ್ಭಾಗ ಕಡುಕಂದು, ಹೊಟ್ಟೆ ಬಿಳಿ. ಎರಡೂ ಬಿರುಸಾಗಿ ರೆಕ್ಕೆ ಬಡಿದು, ಸ್ವಲ್ಪ ತೇಲಿ, ಮತ್ತೆ ಬಡಿಯುತ್ತಾ ಅಲೆಗೆ ತಾಗುವಷ್ಟು ಕೆಳಗೆ ಹಾರುತ್ತವೆ. ಹಕ್ಕಿ ವಾಲಿ ರೆಕ್ಕೆಯ ಅಡಿಭಾಗ ನಿಮ್ಮತ್ತ ತಿರುಗುವ ಆ ಒಂದೆರಡು ಕ್ಷಣಗಳಿಗೆ ಕಾಯಬೇಕು. ರೆಕ್ಕೆ ಮೈಗೆ ಸೇರುವ ಕಂಕುಳಿನ ಭಾಗ ಕಂದಾಗಿದ್ದು, ರೆಕ್ಕೆಯ ಒಳಮೈಯೂ ಮಾಸಿದಂತೆ ಕಂಡರೆ ಅದು ಹಟನ್ಸ್. ಒಳಮೈ ಬೆಳ್ಳಗೆ, ಹೊಟ್ಟೆಯ ಬಿಳುಪು ಬಾಲದ ಬುಡದ ಪಕ್ಕಕ್ಕೂ ಏರಿದ್ದರೆ ಫ್ಲಟರಿಂಗ್. ಹಟನ್ಸ್‌ನ ಮುಖ ಮತ್ತು ಕತ್ತಿನ ಪಕ್ಕ ಹೆಚ್ಚು ಕಪ್ಪು, ಕೊಕ್ಕು ತುಸು ಉದ್ದ. ಸೂರ್ಯ ಹಕ್ಕಿಯ ಹಿಂದಿದ್ದರೆ ಎಲ್ಲ ರೆಕ್ಕೆಗಳೂ ಕಪ್ಪಾಗಿಯೇ ಕಾಣುವುದರಿಂದ ಬೆಳಕನ್ನು ಬೆನ್ನಿಗಿಟ್ಟುಕೊಂಡೇ ನಿರ್ಧರಿಸಿ. ಸಂಶಯ ಉಳಿದರೆ ಟಿಪ್ಪಣಿ ಪುಸ್ತಕದಲ್ಲಿ ಎರಡೂ ಹೆಸರು ಬರೆದುಕೊಳ್ಳುವುದೇ ಪ್ರಾಮಾಣಿಕ ದಾಖಲೆ.

ಮಧ್ಯಾಹ್ನ ದೋಣಿಯಿಂದ ಇಳಿದೊಡನೆ ಊರು ಬಿಟ್ಟವರು ಈ ಹಕ್ಕಿಯ ಅರ್ಧ ಬದುಕನ್ನು ಮಾತ್ರ ನೋಡಿದಂತೆ. ಸಂಜೆ ಅವು ಕತ್ತಲಾಗುವುದನ್ನೇ ಕಾಯುತ್ತಾ ಕಡಲಿನಲ್ಲಿ ಸೇರುತ್ತವೆ, ಆಮೇಲೆ ಪರ್ವತದತ್ತ ಏರಿ ಹುಲ್ಲಿನ ಇಳಿಜಾರಿನಲ್ಲಿ ಕೊರೆದ ಬಿಲಗಳಿಗೆ ಹೋಗುತ್ತವೆ. ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸ್ಥಳೀಯ ಮಾವೋರಿ ಜನರಿಗೆ ಈ ಹಕ್ಕಿ ಹಿಂದಿನಿಂದಲೂ ಗೊತ್ತಿತ್ತು; ವಿಜ್ಞಾನಕ್ಕೆ ಈ ಬಿಲಗಳ ನೆಲೆ ತಿಳಿದದ್ದು 1960ರ ದಶಕದಲ್ಲಿ, ಜೆಫ್ ಹ್ಯಾರೋ ಎಂಬ ಪರ್ವತಾರೋಹಿಯ ಹುಡುಕಾಟದಿಂದ. ಹಿಂದೆ ಇದ್ದ ಹಲವು ನೆಲೆಗಳನ್ನು ಬಿಲ ಅಗೆದು ಮೊಟ್ಟೆ, ಮರಿ, ದೊಡ್ಡ ಹಕ್ಕಿಗಳನ್ನೂ ತಿನ್ನುವ ಕಾಡುಹಂದಿಗಳು ಅಳಿಸಿದವು. 2016ರ ನವೆಂಬರಿನಲ್ಲಿ 7.8 ತೀವ್ರತೆಯ ಭೂಕಂಪವು ಉಳಿದೆರಡು ನೆಲೆಗಳ ಇಳಿಜಾರುಗಳನ್ನೂ ಕುಸಿಯುವಂತೆ ಮಾಡಿತು. ಅದೃಷ್ಟವಶಾತ್, 2005ರಿಂದಲೇ ಬೆಟ್ಟದ ಮರಿಗಳನ್ನು ಹಾರುವ ಮೊದಲೇ ತಂದು, ಕೈಯಾರೆ ಉಣಿಸಿ, ಕೈಕೋರಾ ಭೂಶಿರದ ಮೇಲೆ ಮೂರನೆಯ ನೆಲೆಯೊಂದನ್ನು ಕಟ್ಟಲಾಗಿತ್ತು. ಮೊದಲ ಬಾರಿ ಹಾರಿ ಹೊರಟ ನೆಲಕ್ಕೇ ಮರಳುವುದು ಈ ಹಕ್ಕಿಯ ಸ್ವಭಾವ. ಬೇಟೆಯಾಡುವ ಪ್ರಾಣಿಗಳು ನುಸುಳದಂತೆ ಹಾಕಿದ ಅಲ್ಲಿನ ಬೇಲಿಯನ್ನು ಕಾಲುದಾರಿಯ ಕಡೆಯಿಂದ ನೋಡಬಹುದು, ಒಳಗೆ ಹೋಗಲು ಅನುಮತಿ ಬೇಕು. ಬೆಟ್ಟದ ನೆಲೆಗಳಿಗೆ ಹೋಗುವ ಆಲೋಚನೆಯನ್ನೇ ಬಿಟ್ಟುಬಿಡಿ, ಏಕೆಂದರೆ ಅಲ್ಲಿ ಒಂದು ತಪ್ಪು ಹೆಜ್ಜೆಗೂ ಬಿಲ ಕುಸಿಯುತ್ತದೆ.

ಮಾರ್ಚ್–ಏಪ್ರಿಲ್‌ನಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಮೊದಲ ಬಾರಿ ರಾತ್ರಿ ಕಡಲಿಗೆ ಹಾರುವ ಮರಿಗಳು ಬೀದಿದೀಪಗಳಿಂದ ದಿಕ್ಕು ತಪ್ಪಿ ರಸ್ತೆಗೆ ಬೀಳುತ್ತವೆ, ಸಪಾಟು ನೆಲದಿಂದ ಮತ್ತೆ ಮೇಲೇರಲು ಅವಕ್ಕೆ ಆಗುವುದಿಲ್ಲ. ಕೋಣೆಯ ಪರದೆ ಎಳೆದುಕೊಳ್ಳಿ, ಹೊರಗಿನ ದೀಪ ಆರಿಸಿ, ಊರೊಳಗೆ ಕಾರನ್ನು ನಿಧಾನವಾಗಿ ಓಡಿಸಿ. ಬಿದ್ದ ಮರಿ ಕಂಡರೆ ನೀರು, ಆಹಾರ ಕೊಡದೆ, ಗಾಳಿಗೆ ಎಸೆದು ಹಾರಿಸಲು ಹೋಗದೆ, ಬಟ್ಟೆಯಲ್ಲಿ ಮೃದುವಾಗಿ ಹಿಡಿದು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸರ್ಕಾರದ ಸಂರಕ್ಷಣಾ ಇಲಾಖೆಯ ಸಿಬ್ಬಂದಿಗೆ ತಿಳಿಸಿ.